ಗಂಟಲಿನಿಂದ ಗುಂಯ್‌ಗುಟ್ಟಿದ್ದರ ಬಗ್ಗೆ ಆರನೇ ನಂಬರಿನವನ ವಿವರಣೆ

ಇಂದ:
ಡೆಲ್ಮರ್ ಸ್ಟಕಿ (ಗಾಳಿಹೆಸರು: ನೆನೆದ ಬೆಂಕಿಕಡ್ಡಿ),
ಹಾಜರಿ ಪಟ್ಟಿಯ ಮಾಜಿ ಆರನೇ ನಂಬರು,
ಹಳೇ ಗಿರಣಿ ರಸ್ತೆ, ಹ್ಯಾಕ್‌ಬರಿ ಫೋರ್ಕ್, ಇಂಡಿಯಾನಾ.

ಗೆ:
ಶ್ರೀಮತಿ ಆರ್ಡಿತ್ ಕ್ಲಿಂಗರ್ (ಗಾಳಿಹೆಸರು: ರಾಣಿ ಜೇನು),
ಅಧ್ಯಕ್ಷರು, ಹ್ಯಾಕ್‌ಬರಿ ಫೋರ್ಕ್ ವಾಲ್ವ್ ರೇಡಿಯೊ ಬೆಳಗಿನ ಕೂಟ,
ಅವರ ಅಡುಗೆಮನೆ, ಹ್ಯಾಕ್‌ಬರಿ ಫೋರ್ಕ್.

ದಿನಾಂಕ: 18 ಮಾರ್ಚ್ 2024

ವಿಷಯ: ಕೂಟದ ಹಾಜರಿ ಪಟ್ಟಿಯಿಂದ ಹೊಡೆದುಹಾಕಿರುವ ನನ್ನ ನಂಬರನ್ನು ವಾಪಸು ಕೊಡುವ ಬಗ್ಗೆ.

ಉಲ್ಲೇಖ: 1) ದಿನಸಿ ಚೀಟಿಯ ಹಿಂಬದಿಯಲ್ಲಿ ಬರೆದ, ದಿನಾಂಕ 13-3-2024ರ ತಮ್ಮ ಆದೇಶ (ಮುಂಬದಿ: ಮೊಟ್ಟೆ, ಈಸ್ಟ್, ಬೆಕ್ಕಿನ ಆಹಾರ).
2) ಕೂಟದ ನಿಯಮ 4.
3) ದಿನಾಂಕ 12-3-2024ರಂದು ನನ್ನ ಮನೆ ಮುಂದೆ ಬಿದ್ದ ಲೈಟ್ ಕಂಬ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ತಪ್ಪು ಮಾಡಿದ್ದೇನೆ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡು, ಆಮೇಲೆ ಎಷ್ಟು ಬೇಕಾದರೂ ಸಮರ್ಥಿಸಿಕೊ ಎಂದು ನನ್ನ ಹೆಂಡತಿ ಲವೀಟಾ ಸೂಚಿಸಿದ್ದಾಳೆ. ಅದರಂತೆ ಮೊದಲನೆಯದು ಮುಗಿಯಿತು. ಎರಡನೆಯದು ಈ ಕೆಳಗಿನಂತಿದೆ.

1. ಕೂಟ ಎಂದರೇನು ಎಂಬುದು ಕೂಟದ ಅಧ್ಯಕ್ಷರಾದ ತಮಗೆ ಗೊತ್ತಿರುವ ಸಂಗತಿ. ಆದರೂ ಅರ್ಜಿ ಎಂದ ಮೇಲೆ ಗೊತ್ತಿರುವುದನ್ನೇ ಮತ್ತೊಮ್ಮೆ ಬರೆಯುವುದು ವಾಡಿಕೆಯಾದ ಕಾರಣ ಬರೆಯುತ್ತಿದ್ದೇನೆ. ಭಾನುವಾರ ಒಂದನ್ನು ಬಿಟ್ಟು ದಿನಾ ಬೆಳಿಗ್ಗೆ ಎಂಟೂವರೆಗೆ ನಾವು ಹನ್ನೊಂದು ಜನ ಸಿಬಿ ರೇಡಿಯೊದ ಹದಿನಾಲ್ಕನೇ ಚಾನೆಲ್ಲಿನಲ್ಲಿ ಸೇರುತ್ತೇವೆ. ಲಾರಿಯವರು ದಾರಿಯುದ್ದಕ್ಕೂ ಹರಟುವ ಅದೇ ಸಿಬಿ. ಗುಂಡಿ ಒತ್ತಿದರೆ ಮಾತಾಡುವುದು, ಬಿಟ್ಟರೆ ಕೇಳಿಸಿಕೊಳ್ಳುವುದು, ಕರೆಯುವುದು ರೇಡಿಯೊಕ್ಕೆಂದೇ ಇಟ್ಟುಕೊಂಡ ಗಾಳಿಹೆಸರಿನಿಂದ. ಆದರೆ ಲಾರಿಯವರ ಪೆಟ್ಟಿಗೆ ಅಂಗೈಯಗಲ. ನಮ್ಮದು ಅರವತ್ತರ ದಶಕದ ವಾಲ್ವ್ ಪೆಟ್ಟಿಗೆ. ಎತ್ತಲು ಎರಡು ಕೈ ಬೇಕು, ಇಳಿಸಲು ಪಕ್ಕದವರು ಬೇಕು. ಸ್ವಿಚ್ ಹಾಕಿ ಅರ್ಧ ನಿಮಿಷ ಕಾದರೆ ಗಾಜಿನ ವಾಲ್ವುಗಳ ಒಳಗೆ ಕೆಂಪಗೆ ಬೆಂಕಿ ಹತ್ತುತ್ತದೆ. ಆಮೇಲೆ ಮಾತು. ಮಾತಿನ ಬೆನ್ನಿಗೆ ಸದಾ ಕರೆಂಟಿನ ಗುಂಯ್ ಎಂಬ ಸದ್ದು. ಹೊರಗಿನವರಿಗೆ ಅದು ಕಿರಿಕಿರಿ, ನಮಗೆ ಅದು ಗುರುತಿನ ಚೀಟಿ. ಈ ಕಾರಣದಿಂದಲೇ ತಾವು ನಿಯಮ 4ನ್ನು ಈ ರೀತಿ ಬರೆದಿದ್ದೀರಿ: "ಗಾಜಿನೊಳಗೆ ಬೆಂಕಿ ಕಾಣದ ಪೆಟ್ಟಿಗೆಯಿಂದ ಯಾರೂ ಈ ಕೂಟದಲ್ಲಿ ಬಾಯಿ ತೆರೆಯತಕ್ಕದ್ದಲ್ಲ."

2. ನನ್ನ ಪೆಟ್ಟಿಗೆ 1963ರದ್ದು. ಕಳೆದ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಬೆಳಿಗ್ಗೆ ಉಳಿದ ಟರ್ಕಿ ಕೋಳಿಯ ಸ್ಯಾಂಡ್‌ವಿಚ್ ಕೈಯಲ್ಲಿ ಹಿಡಿದು ನಾನು ಸ್ವಿಚ್ ಹಾಕಿದೆ. ಕೋಣೆಯಲ್ಲಿ ವಾಸನೆ ಬಂತು. "ಒಲೆ ಮೇಲೆ ಏನೋ ಸೀದುಹೋಯ್ತು ನೋಡು," ಎಂದಳು ಲವೀಟಾ. ಒಲೆ ಮೇಲೆ ಏನೂ ಇರಲಿಲ್ಲ. ಸೀದಿದ್ದು ಪೆಟ್ಟಿಗೆಯ ಹೊಟ್ಟೆಯಲ್ಲಿರುವ ಟ್ರಾನ್ಸ್‌ಫಾರ್ಮರ್. ವಾಲ್ವ್ ಹೋಗಿದ್ದರೆ ನಾನೇ ಬದಲಾಯಿಸುತ್ತಿದ್ದೆ. ಟ್ರಾನ್ಸ್‌ಫಾರ್ಮರ್ ಮುಟ್ಟಲು ಬರುವುದು ಈ ಜಿಲ್ಲೆಯಲ್ಲಿ ಒಬ್ಬನಿಗೆ ಮಾತ್ರ. ಆತ ಹಾಜರಿ ಪಟ್ಟಿಯ ಏಳನೇ ನಂಬರು, ಗಾಳಿಹೆಸರು ಬೆಕ್ಕುಮೀನು, ಮನೆಯ ಹೆಸರು ವೆಂಡಲ್ ಸ್ಟಕಿ. ನನ್ನ ಎದುರು ಮನೆಯಲ್ಲಿ ವಾಸ. ನನ್ನ ಒಡಹುಟ್ಟಿದ ತಮ್ಮ.

3. ರಸ್ತೆ ದಾಟಿ ಕೊಟ್ಟು ಬರಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅವನ ಪದ್ಧತಿ ತಮಗೂ ಗೊತ್ತು. ಪೆಟ್ಟಿಗೆ ಕೆಟ್ಟವನೇ ಅದನ್ನು ಹೊತ್ತು ಅವನ ಹಿತ್ತಿಲ ಬಾಗಿಲಿಗೆ ಹೋಗಬೇಕು, ನಿಂತು ಏನಾಯಿತೆಂದು ಬಾಯಿಬಿಟ್ಟು ಹೇಳಬೇಕು. ಚೀಟಿ ನಡೆಯುವುದಿಲ್ಲ, ಹೆಂಡತಿಯ ಕೈಲಿ ಕಳಿಸಿದರೆ ನಡೆಯುವುದಿಲ್ಲ. ಎರಡನೇ ನಂಬರಿನ ಹರ್ಶೆಲ್ ಹಲ್ಲು ಕೀಳಿಸಿಕೊಂಡ ದಿನ ಬಾಯಿಗೆ ಹತ್ತಿ ತುರುಕಿಕೊಂಡು ಹೋಗಿದ್ದಕ್ಕೆ, "ಬಾಯಿ ಬಂದ ಮೇಲೆ ಬಾ," ಎಂದು ವಾಪಸು ಕಳಿಸಿದವನು ಅವನು. ಬಾಯಿ ಬಿಡುವುದೇ ನನ್ನ ತೊಂದರೆ. ನಾವಿಬ್ಬರೂ ಮುಖಾಮುಖಿ ಮಾತಾಡಿ ಮೂವತ್ತು ವರ್ಷ ದಾಟಿದೆ.

4. ಸದರಿ ಮೌನಕ್ಕೆ ಕಾರಣ ನಾನು. 1993ರ ಅಕ್ಟೋಬರಿನಲ್ಲಿ ವೆಂಡಲ್ ಹರ್ನಿಯ ಆಪರೇಷನ್ನಿಗೆಂದು ಮೂರು ದಿನ ಆಸ್ಪತ್ರೆಯಲ್ಲಿದ್ದ. ರಸ್ತೆ ಬದಿಯಲ್ಲಿ ನಮ್ಮಮ್ಮ ನೆಟ್ಟ ಪರ್ಸಿಮನ್ ಹಣ್ಣಿನ ಮರ ಒಂದಿತ್ತು. ಅದು ನನ್ನ ಆಂಟೆನಾಕ್ಕೆ ಅಡ್ಡ ಬರುತ್ತಿತ್ತು. ಅಥವಾ ಬರುತ್ತಿದೆ ಎಂದು ನಾನು ಅಂದುಕೊಂಡಿದ್ದೆ. ಕಡಿಸಿದೆ. ಕೊಂಬೆ ತುಂಬ ಹಣ್ಣಿತ್ತು. ವೆಂಡಲ್ ಹೊಟ್ಟೆ ಹಿಡಿದುಕೊಂಡು ಕಾರಿನಿಂದ ಇಳಿದವನು ಬುಡ ನೋಡಿದ, ನನ್ನನ್ನು ನೋಡಿದ. "ಅಮ್ಮನ ಮರ ಕಣೋ," ಎಂದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮರ ಕಡಿದ ಮೇಲೆ ನನ್ನ ಆಂಟೆನಾ ಮೊದಲು ಎಷ್ಟು ದೂರ ಎಳೆಯುತ್ತಿತ್ತೋ ಅಷ್ಟೇ ದೂರ ಎಳೆಯಿತು. ಇದನ್ನು ಈ ಅರ್ಜಿಯಲ್ಲಿ ಬಿಟ್ಟರೆ ಬೇರೆಲ್ಲೂ ನಾನು ಒಪ್ಪಿಕೊಂಡಿಲ್ಲ.

5. ಆದರೆ ಮರುದಿನ ಬೆಳಿಗ್ಗೆ ಎಂಟೂವರೆಗೆ ಹಾಜರಿಯಾಯಿತು. ತಾವು ಆರು ಎಂದಿರಿ, ನಾನು ಹಾಜರು ಹೇಳಿದೆ. ಏಳು ಎಂದಿರಿ. ಮೊದಲು ಗುಂಯ್. ಆಮೇಲೆ ಅವನ ದನಿ: "ನೆನೆದ ಬೆಂಕಿಕಡ್ಡಿ, ಚೆನ್ನಾಗಿ ಕೇಳಿಸ್ತಿದೀಯಪ್ಪ. ನಿನಗೊಂದು ವಿಷಯ ಹೇಳ್ಬೇಕು. ನನ್ನ ಎದುರು ಮನೇಲಿ ಒಬ್ಬ ಮುಠ್ಠಾಳ ಇದಾನೆ." ನಾನು, "ಹೌದಾ ಬೆಕ್ಕುಮೀನು? ನನ್ನ ಎದುರು ಮನೇಲೂ ಒಬ್ಬ ಇದಾನೆ. ಮೂರು ದಿನದಿಂದ ಅವನಿಗೆ ಹೊಟ್ಟೆನೋವು. ನಿದ್ದೆ ಬಂತಂತಾ ರಾತ್ರಿ?" ಎಂದೆ. "ಬಂತಂತೆ," ಎಂದ.

ಹೀಗೆ ಶುರುವಾದದ್ದು ಮೂವತ್ತು ವರ್ಷ ನಡೆಯಿತು. ದಿನಸಿ ಅಂಗಡಿಯಲ್ಲಿ ಎದುರಾದರೆ ನಾನು ಬೀನ್ಸ್ ಡಬ್ಬಿಯ ಮೇಲಿನ ಬರಹ ಓದುತ್ತೇನೆ, ಅವನು ಚಾವಣಿ ನೋಡುತ್ತಾನೆ. ಗಾಳಿಯಲ್ಲಿ ಮಾತ್ರ ನಮಗಿಂತ ಆಪ್ತರಿಲ್ಲ. ನಮ್ಮ ಮಾತಿನ ಒಂದು ಮಾದರಿಯನ್ನು ತಮ್ಮ ಅವಗಾಹನೆಗಾಗಿ ಕೊಟ್ಟಿದ್ದೇನೆ. ಇದು ಕಳೆದ ಅಕ್ಟೋಬರಿನದು.

"ಬೆಕ್ಕುಮೀನು, ನಿನ್ನ ಎದುರು ಮನೆಯವನು ಹೇಗಿದಾನೆ?"

"ಇದಾನೆ, ಗೊಣಗ್ತಾ ಇದಾನೆ. ನಿನ್ನೆ ಏಣಿ ಹತ್ತಿ ಸೂರಿನ ದೋಣಿಯಿಂದ ಎಲೆ ತೆಗೀತಿದ್ದ. ಎಪ್ಪತ್ತೆರಡು ವರ್ಷ! ಏಣಿ ಹತ್ತೋ ವಯಸ್ಸಾ ಅದು? ಬಿದ್ರೆ ಎತ್ತೋರ್ಯಾರು? ನೀನಾದ್ರೂ ಹೇಳ್ಬಾರದಾ ಅವನಿಗೆ?"

"ಹೇಳ್ತೀನಿ ಬಿಡು. ನನ್ನ ಎದುರು ಮನೆಯವನದೂ ಅದೇ ಕತೆ. ಡಾಕ್ಟ್ರು ಉಪ್ಪು ಮುಟ್ಬೇಡ ಅಂದ್ರೆ ಚೀಲದ ತುಂಬ ಆ ಉಪ್ಪುಪ್ಪು ಹಂದಿಮಾಂಸ, ಬೇಕನ್ ತರ್ತಾನೆ. ಚೀಲ ಮುಚ್ಕೊಂಡೂ ತರಲ್ಲ, ನನ್ನ ಕಿಟಕಿಗೆ ಕಾಣ್ಲಿ ಅಂತ ತರ್ತಾನೆ."

"ಅವನಿಗೆ ನಾನು ಹೇಳ್ತೀನಿ."

ಅಂದಿನಿಂದ ನಾನು ಏಣಿ ಹತ್ತಿಲ್ಲ. ಅವನ ಚೀಲದಲ್ಲಿ ನಾಲ್ಕು ವಾರ ಬೇಕನ್ ಕಾಣಲಿಲ್ಲ. ಲವೀಟಾ ಇದನ್ನೆಲ್ಲ ಕೇಳುತ್ತಾ, "ಬುದ್ಧಿ ಇರೋ ಜನ ಇಷ್ಟು ವರ್ಷದಲ್ಲಿ ಬಾಗಿಲು ತಟ್ಟಿರೋರು," ಎಂದು ಆಗಾಗ ಹೇಳುತ್ತಾಳೆ. ಅವಳ ಅಭಿಪ್ರಾಯವನ್ನು ಕಡತಕ್ಕೆ ಸೇರಿಸಲಾಗಿದೆ.

6. ಮೇಲಿನ ಎಲ್ಲ ಕಾರಣಗಳಿಂದ, ಪೆಟ್ಟಿಗೆ ಸತ್ತ ದಿನ ನನಗೆ ಸತ್ತದ್ದು ಪೆಟ್ಟಿಗೆಯಲ್ಲ, ತಮ್ಮ. ಆದ್ದರಿಂದ ನಾನು ಕೊಟ್ಟಿಗೆಯಲ್ಲಿದ್ದ, ಮಗಳ ಹಳೇ ಕಾರಿನಿಂದ ಕಿತ್ತಿಟ್ಟಿದ್ದ ಅಂಗೈಯಗಲದ ಹೊಸ ನಮೂನೆಯ ಸಿಬಿಯನ್ನು ತಂದೆ. ಅದಕ್ಕೆ ಕಾರಿನ ಬ್ಯಾಟರಿ ಜೋಡಿಸಿ ಸತ್ತ ಪೆಟ್ಟಿಗೆಯ ತಲೆಯ ಮೇಲಿಟ್ಟು ಮಾತಾಡತೊಡಗಿದೆ. ಅದರಲ್ಲಿ ವಾಲ್ವಿಲ್ಲ, ಬೆಂಕಿಯಿಲ್ಲ. ದನಿ ತೊಳೆದಿಟ್ಟ ತಟ್ಟೆಯ ಹಾಗೆ ಶುಭ್ರ. ಮೊದಲ ದಿನವೇ ಹರ್ಶೆಲ್, "ಏನಯ್ಯಾ ಬೆಂಕಿಕಡ್ಡಿ, ಇವತ್ತು ಸ್ನಾನ ಮಾಡ್ಕೊಂಡು ಬಂದಂಗಿದೀಯಾ," ಎಂದ. ಆ ಕ್ಷಣದಲ್ಲಿ, ಪೂರ್ವಯೋಜನೆ ಇಲ್ಲದೆ, ನಾನು ಮೈಕಿಗೆ ತುಟಿ ಹಚ್ಚಿ ಗಂಟಲಿನಿಂದ ಗುಂಯ್ ಎಂದೆ. "ಹಾಂ, ಈಗ ಸರಿಹೋಯ್ತು," ಎಂದ ಹರ್ಶೆಲ್.

ಮೇಲ್ಕಂಡ ಗುಂಯ್‌ಕಾರ ನಮ್ಮ ಮನೆಯಲ್ಲಿ ಹದಿನೈದು ವಾರ ನಡೆಯಿತು. ಒಬ್ಬನೇ ಮಾತನ್ನೂ ಆಡಿ ಗುಂಯ್ ಕೂಡ ಅನ್ನುವುದು ಅಸಾಧ್ಯ. ಮಾತಿಗೆ ಮೊದಲು ಗುಂಯ್, ಮಾತಾದ ಮೇಲೆ ಗುಂಯ್, ನಡುವೆ ಉಸಿರು ಸಿಕ್ಕಾಗ ಗುಂಯ್. ಎರಡನೇ ವಾರಕ್ಕೆ ಗಂಟಲು ಊದಿಕೊಂಡಿತು. ಡಾಕ್ಟರರು ದಿನಕ್ಕೆಷ್ಟು ಸಿಗರೇಟು ಸೇದುತ್ತೀರಿ ಎಂದು ಕೇಳಿದರು. ಸೇದುವುದಿಲ್ಲ ಎಂದೆ. ಮತ್ತೇನು ಮಾಡುತ್ತೀರಿ ಎಂದರು. ತೋರಿಸಿದೆ. ಅವರು ಬರೆದುಕೊಟ್ಟ ಚೀಟಿಯನ್ನು ಲಗತ್ತಿಸಿದ್ದೇನೆ.

ಅಲ್ಲಿಂದ ಮುಂದೆ ಗುಂಯ್ ಕೆಲಸವನ್ನು ಲವೀಟಾ ವಹಿಸಿಕೊಂಡಳು. ಆಕೆ ಚರ್ಚಿನ ಗಾಯನ ತಂಡದಲ್ಲಿ ಇಪ್ಪತ್ತಾರು ವರ್ಷ ಹಾಡಿದವಳು, ಉಸಿರು ಉದ್ದ. ನಾನು ಮಾತಾಡುವಾಗ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತು ಕೆಳಸ್ಥಾಯಿಯಲ್ಲಿ ಹಿಡಿಯುತ್ತಿದ್ದಳು. ಫೆಬ್ರವರಿ ಆರನೇ ತಾರೀಕು ಮಾತ್ರ ಆಕೆ ಮೈಮರೆತು ಗುಂಯ್‌ನಿಂದ ಜಾರಿ ಒಂದು ಭಕ್ತಿಗೀತೆಯ ಎರಡನೇ ಚರಣಕ್ಕೆ ಹೋಗಿಬಿಟ್ಟಳು. ಅಂದು ತಾವೇ ಚಾನೆಲ್ಲಿನಲ್ಲಿ, "ಬೆಂಕಿಕಡ್ಡಿ, ನಿನ್ನ ಟ್ರಾನ್ಸ್‌ಫಾರ್ಮರಿಗೆ ದೇವರ ಮೇಲೆ ಮನಸ್ಸಾದಂಗಿದೆ," ಎಂದದ್ದು ತಮಗೆ ನೆನಪಿರಬಹುದು. ಅದು ತಮಾಷೆಯೋ ಅನುಮಾನವೋ ಎಂದು ತಿಳಿಯದೆ ನಾನು ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ಬರೀ ಗುಂಯ್ ಸಾಲದೆಂದು ಹಾಜರಿಗೆ ಅರ್ಧ ನಿಮಿಷ ತಡವಾಗಿ ಬಂದು, "ವಾಲ್ವ್ ಈಗ ಕಾಯ್ತು, ಈಗ ಕಾಯ್ತು," ಎಂದದ್ದೂ ಉಂಟು. ಹಳೇ ಪೆಟ್ಟಿಗೆಯ ದನಿ ನಡುನಡುವೆ ಜಾರುವಂತೆ ಕೇಳಿಸಲೆಂದು ಮೈಕನ್ನು ಕೈ ಚಾಚಿ ದೂರ ಹಿಡಿದು ಕುರ್ಚಿಸಮೇತ ಹಿಂದೆ ವಾಲುತ್ತಿದ್ದೆ. ಒಮ್ಮೆ ಕುರ್ಚಿಸಮೇತ ಬಿದ್ದೆ. ಅದನ್ನು ಎಲ್ಲರೂ ವಾಲ್ವ್ ಸಿಡಿದದ್ದೆಂದು ತಿಳಿದು ಸಂತಾಪ ಸೂಚಿಸಿದರು.

7. ಈಗ ಉಲ್ಲೇಖ 3ರ ಕಂಬಕ್ಕೆ ಬರುತ್ತೇನೆ. ಮಾರ್ಚ್ 12, ಮಂಗಳವಾರ, ಬೆಳಿಗ್ಗೆ ಎಂಟು ಮುಕ್ಕಾಲಿನ ಸುಮಾರು. ಗಾಳಿ ಜೋರಿತ್ತು. ಬೆಳಕಾಗಿದ್ದರಿಂದ ಮನೆಯಲ್ಲಿ ದೀಪ ಹಾಕಿರಲಿಲ್ಲ. ಕಾಫಿ ಕಾಯಿಸಿದ್ದು ಗ್ಯಾಸಿನ ಮೇಲೆ. ಆದ ಕಾರಣ ಕರೆಂಟು ಹೋದದ್ದು ನಮ್ಮಿಬ್ಬರ ಗಮನಕ್ಕೂ ಬರಲಿಲ್ಲ. ಊರಿನ ಅಷ್ಟೂ ವಾಲ್ವ್ ಪೆಟ್ಟಿಗೆಗಳು ಏಕಕಾಲಕ್ಕೆ ಆರಿಹೋದವು. ನಾನು ಬ್ಯಾಟರಿಯ ಮೇಲೆ ನನ್ನ ಮಂಡಿನೋವಿನ ಬಗ್ಗೆ ನಾಲ್ಕು ನಿಮಿಷ ಮಾತಾಡಿದೆ. ಲವೀಟಾ ಗುಂಯ್‌ಗುಡುತ್ತಿದ್ದಳು. ಯಾರೂ ನಡುವೆ ಬಾಯಿ ಹಾಕದ್ದನ್ನು ಕಂಡು, ಇವತ್ತು ಎಲ್ಲರೂ ಎಷ್ಟು ಶ್ರದ್ಧೆಯಿಂದ ಕೇಳುತ್ತಿದ್ದಾರೆ ಎಂದು ಖುಷಿಪಟ್ಟೆ.

ಕರೆಂಟು ಹೋದಾಗ ಅಧ್ಯಕ್ಷರು ಕಾರಿನ ಸಿಬಿಯಲ್ಲಿ ಊರು ಸುತ್ತಿ ಎಲ್ಲರ ಯೋಗಕ್ಷೇಮ ನೋಡತಕ್ಕದ್ದೆಂಬ ನಿಯಮವನ್ನು ನಾನು ಮರೆತಿದ್ದೆ.

"ನೆನೆದ ಬೆಂಕಿಕಡ್ಡಿ," ಎಂದಿರಿ ತಾವು. "ನಿನ್ನ ಮನೇಲಿ ಕರೆಂಟಿದೆಯಾ?"

"ಇದೆಯಲ್ಲಾ ರಾಣಿ ಜೇನು. ಯಾಕೆ?"

"ನಿನ್ನ ಮನೆಗೆ ಕರೆಂಟ್ ಕೊಡೋ ಕಂಬ ನನ್ನ ಕಾರಿನ ಮುಂದೆ ಅಡ್ಡಡ್ಡ ಬಿದ್ದಿದೆ. ನಾನು ನಿನ್ನ ಗೇಟಲ್ಲಿದೀನಿ. ಕಿಟಕೀಲಿ ನೋಡು."

ನೋಡಿದೆ. ತಾವು ಕೈ ಬೀಸಿದಿರಿ. ನನ್ನ ಹಿಂದೆ ಲವೀಟಾ ಇನ್ನೂ ಕಣ್ಣು ಮುಚ್ಚಿಕೊಂಡು ಗುಂಯ್‌ಗುಡುತ್ತಲೇ ಇದ್ದಳು. ಉತ್ತರ ಕೊಡಲೆಂದು ನಾನು ಗುಂಡಿ ಒತ್ತಿಬಿಟ್ಟಿದ್ದೆ. ಇಡೀ ಊರಿನಲ್ಲಿ ಕರೆಂಟಿಲ್ಲದ ಹೊತ್ತಿನಲ್ಲಿ ಕರೆಂಟಿನ ಸದ್ದು ನನ್ನ ಮನೆಯೊಂದರಿಂದ ಬರುತ್ತಿತ್ತು. ಬ್ಯಾಟರಿಯಲ್ಲಿ ಓಡುವ ವಾಲ್ವ್ ಪೆಟ್ಟಿಗೆ ಎಂದು ಸುಳ್ಳು ಹೇಳಬಹುದಿತ್ತು. ಆದರೆ ಬ್ಯಾಟರಿಗೆ ಗುಂಯ್ ಇರುವುದಿಲ್ಲ ಎಂಬುದು ನನಗೂ ಗೊತ್ತು, ಮೂವತ್ತು ವರ್ಷ ಶಾಲಾ ಬಸ್ಸು ಓಡಿಸಿ ಅದರ ಬ್ಯಾಟರಿಯನ್ನೂ ತಾವೇ ನೋಡಿಕೊಂಡ ತಮಗೂ ಗೊತ್ತು. ಗೇಟಿಗೆ ಬಂದು ನವೆಂಬರಿನಿಂದ ನಡೆದದ್ದನ್ನೆಲ್ಲ ತಮಗೆ ಹೇಳಿಬಿಟ್ಟೆ.

8. ಉಲ್ಲೇಖ 1ರ ಆದೇಶದಂತೆ ನನ್ನ ನಂಬರನ್ನು ಹೊಡೆದುಹಾಕಲಾಗಿದೆ. ಹೊಡೆದುಹಾಕಿದವನು ಗುಂಡಿ ಒತ್ತಿದರೆ ಯಾರೂ ಓಗೊಡತಕ್ಕದ್ದಲ್ಲ. ಹದಿನಾಲ್ಕನೇ ತಾರೀಕು ನಾನು ಎಲ್ಲರಿಗೂ ನಮಸ್ಕಾರ ಎಂದೆ. ಹತ್ತು ಪೆಟ್ಟಿಗೆಗಳು ಗುಂಯ್ ಎನ್ನದೆ ಸುಮ್ಮನಿದ್ದವು. ಈಗ ಬರೀ ಕೇಳುತ್ತೇನೆ. ನಾಲ್ಕು ಎನ್ನುತ್ತೀರಿ, ಐದು ಎನ್ನುತ್ತೀರಿ, ಏಳು ಎನ್ನುತ್ತೀರಿ. ಆರನ್ನು ತಾವು ದಾಟುವ ಸಲೀಸು ಕಂಡರೆ, ಶಾಲಾ ಬಸ್ಸು ಓಡಿಸುವಾಗ ನಮ್ಮ ಮಕ್ಕಳು ಶೂ ಲೇಸು ಕಟ್ಟುತ್ತಿದ್ದರೂ ನಿಲ್ಲಿಸದೆ ಹೋಗುತ್ತಿದ್ದ ದಿನಗಳು ನೆನಪಾಗುತ್ತವೆ. ಇದನ್ನು ತಮ್ಮ ನಿಷ್ಪಕ್ಷಪಾತಕ್ಕೆ ಸಾಕ್ಷಿಯಾಗಿ ಹೇಳುತ್ತಿದ್ದೇನೆ, ಆಕ್ಷೇಪಣೆಯಾಗಿ ಅಲ್ಲ.

ಏಳನೇ ನಂಬರಿನವನು ಮೊದಲು ಕಾಲು ಗಂಟೆ ಮಾತಾಡುತ್ತಿದ್ದ. ಈಗ "ಹಾಜರು" ಎಂದು ಬಿಟ್ಟುಬಿಡುತ್ತಾನೆ. ಶುಕ್ರವಾರ ಅವನ ಚೀಲದಲ್ಲಿ ಬೇಕನ್ ಕಂಡೆ. ಹೇಳುವುದು ಯಾರಿಗೆ? ನಾನು ಕಿಟಕಿಯಲ್ಲಿ ನಿಂತು ಮೈಕಿಲ್ಲದೆ ಬೈದೆ. ಮಾನ್ಯರೇ, ಸುತ್ತಿ ಬಳಸಿ ಬರೆಯುವುದು ಅರ್ಜಿಯ ಲಕ್ಷಣವಾದರೂ ಇಲ್ಲಿ ನೇರವಾಗಿ ಬರೆಯುತ್ತೇನೆ. ನನಗೆ ನನ್ನ ತಮ್ಮನ ದನಿ ಬೇಕು. ಬೇರೆ ಒಂಬತ್ತು ಜನರ ದನಿ ಇಲ್ಲದಿದ್ದರೂ ನಡೆಯುತ್ತದೆ, ಹರ್ಶೆಲನದಂತೂ ಖಂಡಿತ ನಡೆಯುತ್ತದೆ.

9. ಆದ್ದರಿಂದ ಈ ಕೆಳಗಿನಂತೆ ಪ್ರಾರ್ಥನೆ:
(ಅ) ನನ್ನ ಆರನೇ ನಂಬರನ್ನು ಕೂಡಲೇ ವಾಪಸು ಕೊಡಿಸಬೇಕು.
(ಆ) ನಾನು ಬಾಯಿ ಬಿಡದೆಯೇ ನನ್ನ ಪೆಟ್ಟಿಗೆಯನ್ನು ರಿಪೇರಿ ಮಾಡತಕ್ಕದ್ದೆಂದು ಏಳನೇ ನಂಬರಿನವನಿಗೆ ತಮ್ಮ ಸಹಿಯುಳ್ಳ ಆದೇಶ ಕೊಡಬೇಕು.
(ಇ) ಸದರಿ ಆದೇಶವನ್ನು ತಾವೇ ಅವನಿಗೆ ತಲುಪಿಸಬೇಕು, ಏಕೆಂದರೆ ರಸ್ತೆ

10. ಮಾನ್ಯರೇ, ಮೇಲಿನ ವಾಕ್ಯ ಅರ್ಧಕ್ಕೆ ನಿಂತಿರುವುದಕ್ಕೆ ಕ್ಷಮೆ ಇರಲಿ. ಬಾಗಿಲು ಬಡಿದ ಸದ್ದಾಯಿತು. ಇಂದು ಏಪ್ರಿಲ್ 10. ನಡುವೆ ಇಪ್ಪತ್ತಮೂರು ದಿನ ಕಳೆದಿದೆ. ಅಂದು ನಡೆದದ್ದನ್ನೂ ಆಮೇಲೆ ನಡೆಯುತ್ತಿರುವುದನ್ನೂ ನಿವೇದಿಸುತ್ತೇನೆ.

ಲವೀಟಾ ಬಾಗಿಲು ತೆರೆದಳು. ಹೊರಗೆ ವೆಂಡಲ್, ಕೈಯಲ್ಲಿ ಹತ್ಯಾರದ ಚೀಲ. ತಮ್ಮ ಆದೇಶದ ಒಂದು ಪ್ರತಿ ಅವನಿಗೂ ಹೋಗಿತ್ತಂತೆ. ಅದರಲ್ಲಿ "ಪೆಟ್ಟಿಗೆ ನವೆಂಬರಿನಿಂದ ಸತ್ತಿದ್ದರೂ" ಎಂದು ತಾವು ಬರೆದದ್ದನ್ನು ಓದಿದಾಗಲೇ ಅವನಿಗೆ ವಿಷಯ ಖಚಿತವಾದದ್ದು. ಐದು ದಿನ ಯೋಚಿಸಿ ಬಂದಿದ್ದ. ಅವನು ನನ್ನ ಭುಜದ ಮೇಲಿನಿಂದ ಗೋಡೆ ನೋಡಿದ. ನಾನು ಅವನ ಬೂಟು ನೋಡಿದೆ.

"ಇನ್ನೊಂದು ಕಂಬ ಬಿತ್ತಾ ಅಂತ ನೋಡೋಕೆ ಬಂದಿದೀಯಾ? ಒಳಗೆ ಬಾ ವೆಂಡಲ್, ಬಿಸ್ಕತ್ತಿಗೆ ಗ್ರೇವಿ ಆರ್ತಿದೆ," ಎಂದಳು ಲವೀಟಾ.

ಅವನು ನೇರ ಮೇಜಿನ ಹತ್ತಿರ ಹೋಗಿ ನನ್ನ ಸತ್ತ ಪೆಟ್ಟಿಗೆಯ ಎದುರು ಕೂತ. ನಾನು ಈಚೆ ಬದಿಗೆ ಕೂತೆ. ಆಗ ಅವನು ಪೆಟ್ಟಿಗೆಯ ಕಡೆ ಮುಖ ಮಾಡಿ ಕೇಳಿದ:

"ಯಾವಾಗ ಹೋಯ್ತು?"

ನಾನೂ ಪೆಟ್ಟಿಗೆಗೇ ಹೇಳಿದೆ: "ಹಬ್ಬದ ಮಾರನೇ ದಿನ. ವಾಸನೆ ಬಂತು."

"ಹದಿನೈದು ವಾರ ಬಾಯಲ್ಲಿ ಮಾಡ್ದೆಯಾ?"

"ಎರಡು ವಾರ ನಾನು. ಮಿಕ್ಕಿದ್ದು ಲವೀಟಾ."

"ನನಗೆ ಜನವರೀಲೇ ಅನುಮಾನ ಇತ್ತು. ಟ್ರಾನ್ಸ್‌ಫಾರ್ಮರು ಕೆಮ್ಮಲ್ಲ."

"ಮತ್ತೆ ಹೇಳ್ಲಿಲ್ಲ?"

"ಹೇಳಿದ್ರೆ ನಿನ್ನ ಹೊಡೆದುಹಾಕ್ತಿದ್ರಲ್ಲೋ."

ಈ ಹಂತದಲ್ಲಿ ನಾನು ಬಿಸ್ಕತ್ತೆಂಬ ಬಿಸಿ ಬನ್ನುಗಳ ಮೇಲೆ ಗ್ರೇವಿ ಬಡಿಸುವ ನೆಪದಲ್ಲಿ ಎದ್ದೆ. ಕಣ್ಣಿಗೆ ಹಬೆ ಹೊಡೆಯಿತು ಎಂದು ದಾಖಲಿಸಬಹುದು. ಮತ್ತೆ ಕೂತವನು ಪೆಟ್ಟಿಗೆಯ ಮುಂಭಾಗಕ್ಕೆ, ಸ್ಪೀಕರಿನ ಜಾಲರಿಗೆ, ಸ್ಪಷ್ಟವಾಗಿ ಹೇಳಿದೆ: "ಮರ ಕಡಿಸಿದ್ದು ನನ್ನದು ತಪ್ಪು. ಆಂಟೆನಾಕ್ಕೇನೂ ಆಗ್ಲಿಲ್ಲ ಅದರಿಂದ."

ವೆಂಡಲ್ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಮೇಜಿನ ಮೇಲಿಟ್ಟ. "ಗೊತ್ತು," ಎಂದ. "ನನ್ನ ಮನೇಲಿ ಕೂತು ಕೇಳ್ತಿದ್ದೋನು ನಾನೇ ಅಲ್ವಾ."

ಆಮೇಲೆ ಅವನು ಕೇಳಿದ, "ಅರ್ಜಿ ಹಾಕಿದೀಯಾ? ಹೊಡೆದುಹಾಕಿದೋನ ಪೆಟ್ಟಿಗೆ ನಾನು ಮುಟ್ಟೋಹಾಗಿಲ್ಲ. ಅರ್ಜಿ ಬಾಕಿ ಇದ್ರೆ ಮುಟ್ಟಬಹುದು. ನಿಯಮ ಹನ್ನೊಂದು." ನಾನು ಈ ಕಾಗದ ತೋರಿಸಿದೆ. "ಬರೀತಾ ಇದೀನಿ," ಎಂದೆ. "ಹಾಗಾದ್ರೆ ಸರಿ," ಎಂದು ಮುಚ್ಚಳದ ಮೇಲೆ ಕೈಯಿಟ್ಟ. "ಈ ಮೂಲೆ ಸ್ಕ್ರೂ ತುಕ್ಕು ಹಿಡಿದಿದೆ. ಇವತ್ತು ಬರಲ್ಲ. ನಾಳೆ ನೋಡೋಣ."

11. ಮಾನ್ಯರೇ, ವೆಂಡಲ್ ಟ್ರಾನ್ಸ್‌ಫಾರ್ಮರ್ ಬದಲಾಯಿಸಲು ತೆಗೆದುಕೊಳ್ಳುವ ಸಮಯ ಎರಡು ಗಂಟೆ. ತಮ್ಮದನ್ನು ಒಂದೂಮುಕ್ಕಾಲು ಗಂಟೆಯಲ್ಲಿ ಮುಗಿಸಿದ್ದನ್ನು ತಾವೇ ಹೊಗಳಿದ್ದೀರಿ. ನನ್ನದಕ್ಕೆ ಇಂದಿಗೆ ಇಪ್ಪತ್ತಮೂರು ದಿನ. ಹಾಜರಿ ಮುಗಿಸಿಕೊಂಡು ಒಂಬತ್ತು ಗಂಟೆಗೆ ಬರುತ್ತಾನೆ, ಊಟ ಮಾಡಿಕೊಂಡು ಹೋಗುತ್ತಾನೆ. ಮೊದಲ ವಾರ ತುಕ್ಕಿನ ಸ್ಕ್ರೂ. ಎರಡನೇ ವಾರ ಬೆಸುಗೆ ಕಡ್ಡಿಯನ್ನು ಮನೆಯಲ್ಲಿ ಮರೆತು ಬಂದ, ನಾಲ್ಕು ದಿನ ಸತತವಾಗಿ. ರಸ್ತೆಯಾಚೆ ಇರುವ ಮನೆಯಲ್ಲಿ. ಕಳೆದ ಗುರುವಾರ ಅವನು ಹೊಸ ಟ್ರಾನ್ಸ್‌ಫಾರ್ಮರನ್ನು ಕೂರಿಸಿ, ಒಂದು ನಿಮಿಷ ಯೋಚಿಸಿ, ಮತ್ತೆ ತೆಗೆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. "ಯಾಕೋ ಸಮಾಧಾನ ಇಲ್ಲ," ಎಂದು ಪೆಟ್ಟಿಗೆಗೆ ಹೇಳಿದ. ನಾನು, "ಆತುರ ಬೇಡ," ಎಂದು ಪೆಟ್ಟಿಗೆಗೆ ಹೇಳಿದೆ. ಅವನು ಹೋದ ಮೇಲೆ ಬೇರೆ ಒಂದು ತಂತಿಯನ್ನು ನಾನೇ ಬಿಡಿಸಿಟ್ಟೆ. ಇದು ಈ ಅರ್ಜಿಯಲ್ಲಿನ ಇನ್ನೊಂದು ತಪ್ಪೊಪ್ಪಿಗೆ.

ಸೋಮವಾರದಿಂದ ಅವನು ಪೆಟ್ಟಿಗೆಯ ಕಡೆ ನೋಡದೆಯೂ ಒಂದೆರಡು ಮಾತಾಡುತ್ತಿದ್ದಾನೆ. ನಿನ್ನೆ ನನ್ನ ಮುಖ ನೋಡಿಯೇ, "ಉಪ್ಪು ಕೊಡು," ಎಂದ. ಕೊಡಲಿಲ್ಲ. ಡಾಕ್ಟರು ಬೇಡ ಅಂದಿದಾರೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಮೂವತ್ತು ವರ್ಷದ ನಂತರ ನಾವು ಎದುರೆದುರು ಕೂತು ಜಗಳವಾಡಿದೆವು. ಲವೀಟಾ ತಡೆಯಲಾರದೆ ಹಿತ್ತಿಲಿಗೆ ಹೋಗಿ ಒಬ್ಬಳೇ ನಕ್ಕು ಬಂದಳು.

12. ಮೇಲಿನ ಬೆಳವಣಿಗೆಗಳ ಕಾರಣ ಕ್ರಮಸಂಖ್ಯೆ 9ರ (ಅ), (ಆ), (ಇ) ಪ್ರಾರ್ಥನೆಗಳನ್ನು ಈ ಮೂಲಕ ಹಿಂಪಡೆಯಲಾಗಿದೆ. ಅರ್ಜಿಯನ್ನು ಮಾತ್ರ ಹಿಂಪಡೆದಿಲ್ಲ. ಏಕೆಂದರೆ ತಾವು ಇದನ್ನು ಮಂಜೂರು ಮಾಡಿದರೆ ವೆಂಡಲ್ ರಿಪೇರಿ ಮುಗಿಸಲೇಬೇಕಾಗುತ್ತದೆ, ಮುಗಿಸಿದರೆ ಅವನು ಅವನ ಮನೆಯಲ್ಲಿ, ನಾನು ನನ್ನ ಮನೆಯಲ್ಲಿ. ತಿರಸ್ಕರಿಸಿದರೆ ನಿಯಮ ಹನ್ನೊಂದರ ಪ್ರಕಾರ ಅವನು ಪೆಟ್ಟಿಗೆ ಮುಟ್ಟುವಂತಿಲ್ಲ. ಅರ್ಜಿ ಬಾಕಿ ಇರುವಷ್ಟು ದಿನ ಮಾತ್ರ ಅವನಿಗೆ ನನ್ನ ಮನೆಗೆ ಬರಲು ಕಾನೂನುಬದ್ಧ ಕಾರಣ ಇದೆ, ಮತ್ತು ಕಾರಣವಿಲ್ಲದೆ ಒಬ್ಬರ ಮನೆಗೆ ಒಬ್ಬರು ಹೋಗುವ ಧೈರ್ಯ ನಮ್ಮಿಬ್ಬರಿಗೂ ಇನ್ನೂ ಬಂದಿಲ್ಲ.

ಆದ್ದರಿಂದ ಮಾನ್ಯರು ಈ ಅರ್ಜಿಯನ್ನು ಸ್ವೀಕರಿಸಿ, ತಾರೀಕು ಹಾಕಿ, ದಿನಸಿ ಚೀಟಿಗಳ ಡ್ರಾಯರಿನ ತೀರಾ ತಳದಲ್ಲಿಟ್ಟು, ಯಾವುದೇ ತೀರ್ಮಾನ ಕೈಗೊಳ್ಳದೆ, ಸಾಧ್ಯವಾದಷ್ಟು ವರ್ಷ ವಿಳಂಬ ಮಾಡಿ ಉಪಕರಿಸಬೇಕಾಗಿ ಕೋರುತ್ತೇನೆ. ಹರ್ಶೆಲ್ ನನ್ನ ಪರವಾಗಿ ಶಿಫಾರಸು ಮಾಡಲು ಬಂದರೆ ದಯವಿಟ್ಟು ಅವನಿಗೆ ತಿನ್ನಲು ಒಂದು ತುಂಡು ಹಣ್ಣಿನ ಪೈ ಕೊಟ್ಟು ಕಳಿಸಬೇಕು.

ತಮ್ಮ ವಿಶ್ವಾಸಿ,
ಡೆಲ್ಮರ್ ಸ್ಟಕಿ
(ಸದ್ಯಕ್ಕೆ ನಂಬರಿಲ್ಲ)

ಲಗತ್ತುಗಳು:
1. ಗಂಟಲಿನ ಬಗ್ಗೆ ಡಾಕ್ಟರರ ಚೀಟಿ. "ರೋಗಿ ರೇಡಿಯೊದಂತೆ ನಟಿಸುವುದನ್ನು ನಿಲ್ಲಿಸತಕ್ಕದ್ದು."
2. ಸುಟ್ಟ ಟ್ರಾನ್ಸ್‌ಫಾರ್ಮರಿನ ಫೋಟೊ (ಮೂಲವಸ್ತು ಲಕೋಟೆಯಲ್ಲಿ ಹಿಡಿಸಲಿಲ್ಲ).
3. ಲವೀಟಾ ಸ್ಟಕಿಯವರ ಹೇಳಿಕೆ, ಒಂದು ಸಾಲು: "ನಾನು ಶ್ರುತಿ ತಪ್ಪಿಲ್ಲ."
4. ತುಕ್ಕು ಹಿಡಿದಿದೆ ಎನ್ನಲಾದ ಸ್ಕ್ರೂ, ಒಂದು. ಹೊಳೆಯುತ್ತಿದೆ.

ವಿಶೇಷ ಸೂಚನೆ: ಲಗತ್ತು 4ನ್ನು ಯಾವ ಕಾರಣಕ್ಕೂ ಹಿಂದಿರುಗಿಸಬಾರದು. ಅದಿಲ್ಲದೆ ಪೆಟ್ಟಿಗೆಯ ಮುಚ್ಚಳ ಕೂರುವುದಿಲ್ಲ. ವೆಂಡಲ್ ಬೆಳಿಗ್ಗೆಯಿಂದ ಅದನ್ನು ಮೇಜಿನ ಕೆಳಗೆ ಹುಡುಕುತ್ತಿದ್ದಾನೆ, ನಾನೂ ಹೋಗಿ ಅವನ ಜೊತೆ ಹುಡುಕಬೇಕಾಗಿರುವುದರಿಂದ ಅರ್ಜಿಯನ್ನು ಇಲ್ಲಿಗೆ ನಿಲ್ಲಿಸಿದ್ದೇನೆ.